ಇಸಾಕಣ್ಣ ಪರೀಕ್ಷೆಗೆ ನಿಂತದ್ದು

ನಮ್ಮ ಚರ್ಚಿನಲ್ಲಿ ಮಕ್ಕಳ ದೃಢೀಕರಣಕ್ಕೆ ಒಂದು ವಾರ ಮೊದಲು ಬಹಿರಂಗ ಪರೀಕ್ಷೆ ನಡೆಯುತ್ತದೆ. ಹದಿನೈದು ಹದಿನಾರರ ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ವೇದಿಯ ಮುಂದೆ ಸಾಲಾಗಿ ನಿಲ್ಲಬೇಕು. ಪ್ರಶ್ನೋತ್ತರದ ಪುಸ್ತಕದಿಂದ ಒಬ್ಬೊಬ್ಬರಿಗೆ ಐದೈದು ಪ್ರಶ್ನೆ. ಉತ್ತರ ಹಿಂದಿನ ಬೆಂಚಿಗೂ ಕೇಳಬೇಕು. ಇಷ್ಟಾದ ಮೇಲೆಯೇ ದೃಢೀಕರಣ, ಕರ್ತನ ಭೋಜನದಲ್ಲಿ ಪಾಲು, ಬೇರೆಯವರ ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಲ್ಲುವ ಅರ್ಹತೆ. ೧೯೯೮ರಲ್ಲಿ ಆ ಸಾಲಿನಲ್ಲಿ ಐದು ಮಕ್ಕಳು ನಿಂತಿದ್ದರು. ಆರನೆಯವರು ಇಸಾಕಣ್ಣ. ಅವರಿಗೆ ಆಗ ಎಪ್ಪತ್ತೊಂದು ವಯಸ್ಸು.

ಇದಕ್ಕೆಲ್ಲ ಕಾರಣ ಅವರ ಮಗಳು ಜಯವಂತಿ. ಬೆಳ್ತಂಗಡಿಗೆ ಮದುವೆಯಾಗಿ ಹೋದವಳಿಗೆ ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಹನ್ನೆರಡನೆಯ ವರ್ಷ ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆಂದು ಮೂಡುಬಿದಿರೆಯ ಹತ್ತಿರದ ನಮ್ಮೂರಿಗೆ ಬಂದವಳು, ದೀಕ್ಷಾಸ್ನಾನ ಇಲ್ಲಿಯೇ ಆಗಬೇಕು, ಸಾಕ್ಷಿಗೆ ಅಪ್ಪನೇ ನಿಲ್ಲಬೇಕು ಎಂದು ಹಟ ಹಿಡಿದಳು.

"ಅಜ್ಜಂದಿರು ನಿಲ್ಲುವ ಕ್ರಮ ಇಲ್ಲ, ಜಯವಂತಿ. ಚಿಕ್ಕಪ್ಪನೋ ಮಾವನೋ ನಿಲ್ಲುವುದು," ಎಂದು ನಾನೇ ಹೇಳಿದ್ದೆ.

"ಹನ್ನೊಂದು ವರ್ಷ ಎಲ್ಲರೂ ನನಗೆ ಒಂದೊಂದು ಮದ್ದು ಹೇಳಿದ್ರು ಸಲೋಮಕ್ಕ. ಚಿಕ್ಕಪ್ಪನೂ ಹೇಳಿದ್ರು, ಮಾವನೂ ಹೇಳಿದ್ರು. ಏನೂ ಹೇಳದೆ ಸುಮ್ಮನೆ ಇದ್ದದ್ದು ಅಪ್ಪ ಒಬ್ಬರೇ," ಎಂದಳು ಅವಳು.

ಇಸಾಕಣ್ಣ ಹೊಸ ಅಂಗಿ ಹೊಲಿಯಲು ಕೊಟ್ಟು, ಹೆಸರು ಬರೆಸಲು ಸಭಾಪಾಲಕರಾದ ಸತ್ಯಪಾಲ ಅಯ್ಯನವರಲ್ಲಿಗೆ ಹೋದರು. ಅಯ್ಯನವರಿಗೆ ಆಗ ಇಪ್ಪತ್ತೊಂಬತ್ತು. ಯಾವುದನ್ನೂ ನೋಡದೆ ಬರೆಯುವವರಲ್ಲ. ಹಳೆಯ ದಾಖಲೆ ಪುಸ್ತಕ ತೆಗೆದರು. ಇಸಾಕಣ್ಣನ ದೀಕ್ಷಾಸ್ನಾನ ಸಿಕ್ಕಿತು, ಮದುವೆ ಸಿಕ್ಕಿತು. ದೃಢೀಕರಣ ಮಾತ್ರ ಎಲ್ಲಿಯೂ ಇಲ್ಲ.

"ಆ ವರ್ಷ ನನ್ನನ್ನು ಬಂಟ್ವಾಳದ ಹಂಚಿನ ಕಾರ್ಖಾನೆಯ ಭಟ್ಟಿಗೆ ಹಾಕಿದ್ರು," ಎಂದರು ಇಸಾಕಣ್ಣ. "ಪಾಠಕ್ಕೆ ನಾಲ್ಕು ದಿನ ಹೋದ ನೆನಪುಂಟು. ಪರೀಕ್ಷೆಯ ಭಾನುವಾರ ಜ್ವರ. ಮುಂದಿನ ತಿಂಗಳು ಎಲ್ಲರೂ ಭೋಜನಕ್ಕೆ ಎದ್ದು ಹೋದ್ರು, ನಾನೂ ಎದ್ದು ಹೋದೆ. ಯಾರೂ ಕೇಳಲಿಲ್ಲ."

"ಐವತ್ತಾರು ವರ್ಷ ಯಾರೂ ಕೇಳಲಿಲ್ಲವಾ?"

"ನೀವೂ ಇವತ್ತೇ ಅಲ್ಲವಾ ಅಯ್ಯ ಕೇಳಿದ್ದು."

"ಮದುವೆಯ ಹೊತ್ತಿಗಾದರೂ ನೋಡಬೇಕಿತ್ತು."

"ಆಗ ಸಭೆಯ ಹಿರಿಯರು ಅಂದ್ರೆ ನನ್ನ ಮಾವ. ಅವರಿಗೆ ಮಗಳನ್ನು ದಾಟಿಸುವ ಅವಸರ ಇತ್ತು."

ಜೊತೆಗೆ ಹೋಗಿದ್ದ ಹೆಂಡತಿ ಸುಗುಣಕ್ಕ ಸೆರಗು ಸರಿಮಾಡಿಕೊಂಡು, "ಅವಸರದಲ್ಲಿ ಸಾಮಾನು ಪರೀಕ್ಷೆ ಮಾಡದೆ ತಗೊಂಡ್ರು ನನ್ನಪ್ಪ," ಎಂದರು.

ಅಯ್ಯನವರು ಒಳ್ಳೆಯವರು. "ನೀವು ಹಿರಿಯರು. ಒಂದು ಸಂಜೆ ಮನೆಯಲ್ಲೇ ಪ್ರಾರ್ಥನೆ ಮಾಡಿ ಮುಗಿಸುವ," ಎಂದರು. ಆದರೆ ಸಭೆಯ ಕಾರ್ಯದರ್ಶಿ ಫಿಲೇಮೋನ ಬಿಡಲಿಲ್ಲ. ೧೯೭೮ರ ನಡಾವಳಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಆ ವರ್ಷ ಅವನ ತಮ್ಮನಿಗೆ ಗಲ್ಫಿಗೆ ವಿಮಾನ ಹತ್ತಲಿಕ್ಕಿತ್ತು. ಪರೀಕ್ಷೆಯಿಂದ ವಿನಾಯಿತಿ ಕೊಡಿ ಎಂದು ಮನೆಯವರೆಲ್ಲ ಬೇಡಿಕೊಂಡಿದ್ದರು. ಬಹಿರಂಗ ಪರೀಕ್ಷೆಯಿಲ್ಲದೆ ಯಾರಿಗೂ, ಯಾವ ಕಾರಣಕ್ಕೂ, ಎಂದೆಂದಿಗೂ ದೃಢೀಕರಣ ಇಲ್ಲ ಎಂದು ಅಂದು ಸಭೆ ತೀರ್ಮಾನ ಮಾಡಿತ್ತು. ಕೆಳಗೆ ಅಂದಿನ ಕಾರ್ಯದರ್ಶಿಯ ರುಜು: ಇಸಾಕ.

"ಎಂದೆಂದಿಗೂ ಅಂತ ಬರೆದದ್ದು ನೀವೇ ಇಸಾಕಣ್ಣ. ನಾನಾಗಿದ್ರೆ ಸದ್ಯಕ್ಕೆ ಅಂತ ಬರೀತಿದ್ದೆ," ಎಂದ ಫಿಲೇಮೋನ. ಅವನ ಮುಖದಲ್ಲಿ ಇಪ್ಪತ್ತು ವರ್ಷದ ಸಂತೋಷ ಇತ್ತು.

ಪರೀಕ್ಷೆಗೆ ಮೂರು ತಿಂಗಳಿತ್ತು. ಜಯವಂತಿ ಕಾಯುತ್ತೇನೆ ಎಂದಳು. ಮಗುವಿಗೆ ಹೆಸರಿಲ್ಲದೆ "ಬಾಬಿ, ಬಾಬಿ" ಎಂದೇ ಕರೆಯುತ್ತಿದ್ದರು.

ಮಕ್ಕಳ ಜೊತೆ ಅವರನ್ನು ಕೂರಿಸುವುದು ಚೆನ್ನಾಗಿ ಕಾಣುವುದಿಲ್ಲವೆಂದು ಅಯ್ಯನವರು ಭಾನುವಾರ ಆರಾಧನೆಯ ನಂತರ ವಯಸ್ಕರ ತರಗತಿ ಶುರುಮಾಡಿದರು. ಅವರು ಆಗಷ್ಟೇ ಹತ್ತು ದಿನದ ತರಬೇತಿಯೊಂದನ್ನು ಮುಗಿಸಿ ಬಂದಿದ್ದರು. ದೊಡ್ಡವರಿಗೆ ಪಾಠ ಹೇಳುವುದು ಹೇಗೆ ಎನ್ನುವುದೇ ತರಬೇತಿಯ ವಿಷಯ. ಒಂದು ನೀಲಿ ಫೈಲು ಕೊಟ್ಟಿದ್ದರು. ಅದರ ಮೊದಲನೆಯ ಪುಟದಲ್ಲಿ "ವಯಸ್ಕರು ಮಕ್ಕಳಲ್ಲ" ಎಂದು ಬರೆದಿತ್ತು. ಅಯ್ಯನವರು ಅದನ್ನು ನಮಗೆ ಗಟ್ಟಿಯಾಗಿ ಓದಿ ಹೇಳಿದರು.

"ಇಷ್ಟನ್ನು ಕಲಿಯಲಿಕ್ಕೆ ಹತ್ತು ದಿನ ಬೇಕಾಯಿತಾ ಅಯ್ಯ?" ಎಂದು ಸುಗುಣಕ್ಕ ಕೇಳಿದರು.

ಇಸಾಕಣ್ಣನಿಗೆ ಒಂಟಿ ಅನಿಸಬಾರದೆಂದು ನಾವು ಆರು ಮಂದಿ ಸೇರಿದ್ದೆವು. ಮೊದಲನೆಯ ದಿನ ಪರಿಚಯದ ಆಟ. ಅಯ್ಯನವರು ಒಂದು ಚೆಂಡು ಎಸೆಯುವುದು, ಹಿಡಿದವರು ತಮ್ಮ ಹೆಸರು, ಊರು, ಇಷ್ಟದ ತಿಂಡಿ ಹೇಳುವುದು. ನಾವೆಲ್ಲ ಒಂದೇ ಬಾವಿಯ ನೀರು ಕುಡಿದು ಮುದುಕರಾದವರು. ಆದರೂ ಒಬ್ಬೊಬ್ಬರೇ ಎದ್ದು ಹೆಸರು ಹೇಳಿದೆವು. ಚೆಂಡು ಇಸಾಕಣ್ಣನ ಕನ್ನಡಕಕ್ಕೆ ತಾಗಿತು. ಅವರು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು, ಪುನಃ ಕೊಡಲಿಲ್ಲ.

ಎರಡನೆಯ ವಾರ, ದೊಡ್ಡವರಿಗೆ ಪಾಠ ಅವರಿಗೆ ಗೊತ್ತಿದ್ದಲ್ಲಿಂದ ಶುರುವಾಗಬೇಕು ಎಂದು ಫೈಲು ಹೇಳಿತು. "ಇಸಾಕಣ್ಣ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹೇಳಿ," ಎಂದರು ಅಯ್ಯನವರು. ಇಸಾಕಣ್ಣ ಹಂಚಿನ ವಿಷಯ ಹೇಳಿದರು. ಜೇಡಿಮಣ್ಣನ್ನು ಎಲ್ಲಿಂದ ತರುವುದು, ಎಷ್ಟು ದಿನ ನೆನೆಸುವುದು, ಅಚ್ಚಿನಿಂದ ತೆಗೆದ ಹಸಿ ಹಂಚನ್ನು ನೆರಳಲ್ಲಿ ಯಾಕೆ ಒಣಗಿಸುವುದು, ಭಟ್ಟಿಯ ಬೆಂಕಿಯ ಬಣ್ಣ ನೋಡಿ ಹದ ಹೇಗೆ ತಿಳಿಯುವುದು. ಒಂದು ಗಂಟೆ ಹತ್ತು ನಿಮಿಷ. ಅಯ್ಯನವರು ನಡುವೆ ದಾರಿ ಮಾಡಿಕೊಂಡು, "ದೇವರು ಮನುಷ್ಯನನ್ನು ಮಾಡಿದ್ದೂ ಮಣ್ಣಿನಿಂದಲೇ ಅಲ್ಲವಾ?" ಎಂದು ಪಾಠಕ್ಕೆ ಎಳೆಯಲು ನೋಡಿದರು. "ಅದು ಬೇರೆ ಮಣ್ಣು, ಅದಕ್ಕೆ ಬಾಳಿಕೆ ಕಡಿಮೆ," ಎಂದು ಇಸಾಕಣ್ಣ ಮುಂದುವರಿಸಿದರು.

ಮೂರನೆಯ ವಾರ ಅಭಿನಯ. ಕಳೆದುಹೋದ ಕುರಿಯ ಕತೆ. ಇಸಾಕಣ್ಣ ಕುರುಬ, ನಮ್ಮಲ್ಲೊಬ್ಬರಾದ ದೋರ್ಕಮ್ಮ ಕಳೆದುಹೋಗುವ ಕುರಿ, ಉಳಿದ ತೊಂಬತ್ತೊಂಬತ್ತು ಕುರಿಗಳು ನಾವು ಐದು ಮಂದಿ. ದೋರ್ಕಮ್ಮ ಹೋಗಿ ಎಲ್ಲಿಯೋ ಅಡಗಿದರು. ಕುರುಬ ಎರಡು ಬೆಂಚಿನ ಅಡಿಯಲ್ಲಿ ನೋಡಿ, ಸೊಂಟ ಹಿಡಿದುಕೊಂಡು ಎದ್ದು, "ಒಂದು ತಾನೇ, ಹೋದ್ರೆ ಹೋಗ್ಲಿ. ತೊಂಬತ್ತೊಂಬತ್ತಕ್ಕೆ ಊಟದ ಹೊತ್ತಾಯಿತು," ಎಂದ. ಅಯ್ಯನವರು ಅವರನ್ನು ಮತ್ತೆ ಹುಡುಕಲು ಕಳುಹಿಸಿದರು. ಆಮೇಲೆ ನಾವೆಲ್ಲರೂ ಹುಡುಕಿದೆವು. ದೋರ್ಕಮ್ಮ ಸಿಗಲಿಲ್ಲ. ಅವರು ಅಡಗಿದ್ದು ಬಸ್‌ಸ್ಟಾಪಿನ ಹಿಂದೆ. ಹನ್ನೆರಡೂವರೆಯ ಬಸ್ಸು ಬಂದದ್ದು ಕಂಡು, ಬಂಟ್ವಾಳದಲ್ಲಿ ತಂಗಿಯ ಮಗಳ ಸೀಮಂತ ಇದ್ದದ್ದು ನೆನಪಾಗಿ, ಹತ್ತಿ ಹೋಗಿಬಿಟ್ಟಿದ್ದರು.

ಹೀಗೆ ಒಂದು ತಿಂಗಳು ಕಳೆಯಿತು. ಇಸಾಕಣ್ಣನಿಗೆ ಒಂದು ಉತ್ತರವೂ ಬರಲಿಲ್ಲ. ಅಯ್ಯನವರು ನನ್ನನ್ನು ಕರೆದು, "ಸಲೋಮಕ್ಕ, ನೀವು ದೊಡ್ಡವರಾದ ಮೇಲೆ ರಾತ್ರಿಶಾಲೆಯಲ್ಲಿ ಕಲಿತವರು. ದೊಡ್ಡವರ ಕಷ್ಟ ನಿಮಗೆ ಗೊತ್ತುಂಟು. ವಾರಕ್ಕೆ ಎರಡು ಸಲ ಅವರ ಜೊತೆ ಕೂತುಕೊಳ್ಳಿ," ಎಂದರು. ನನಗೆ ಗೊತ್ತಿದ್ದ ಕಷ್ಟ ಒಂದೇ. ತಪ್ಪಿದರೆ ಪಕ್ಕದವರು ನಗುತ್ತಾರೆಂಬ ಹೆದರಿಕೆಯಲ್ಲಿ ಗೊತ್ತಿದ್ದದ್ದೂ ಮರೆತುಹೋಗುವುದು. ಅದಕ್ಕೆ ಮದ್ದು ಏನೆಂದು ನನಗೂ ಗೊತ್ತಿರಲಿಲ್ಲ.

ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬೀಡಿ ಎಲೆ ತುಂಬಿದ ಮೊರ, ನಮ್ಮ ತಡ್ಪೆ, ತೆಗೆದುಕೊಂಡು ಅವರ ಜಗಲಿಗೆ ಹೋಗುತ್ತಿದ್ದೆ. ಮಡಿಲಲ್ಲಿ ತಡ್ಪೆ, ಪಕ್ಕದಲ್ಲಿ ಪುಸ್ತಕ. ಬೀಡಿ ಕಟ್ಟುತ್ತಾ ಪ್ರಶ್ನೆ ಕೇಳುವುದು. ಕೇಳಿದ ಕೂಡಲೇ ಇಸಾಕಣ್ಣ ನೆಟ್ಟಗೆ ಕೂರುವರು, ಕುತ್ತಿಗೆಯ ನರ ಉಬ್ಬುವುದು, ಬಾಯಿ ತೆರೆಯುವುದು, ಮಾತು ಬಾರದು. ಭಟ್ಟಿಗೆ ಹಾಕದ ಹಸಿ ಹಂಚಿನ ಬಣ್ಣಕ್ಕೆ ಮುಖ ತಿರುಗುವುದು.

"ಗೊತ್ತುಂಟು ಸಲೋಮಿ. ಒಳಗೆ ಉಂಟು. ನೀನು ಕೇಳಿದ ಕೂಡ್ಲೆ ಒಳಗೆ ಯಾರೋ ಬಾಗಿಲು ಹಾಕ್ತಾರೆ."

"ನಿಧಾನ ಮಾಡಿ ಇಸಾಕಣ್ಣ. ಬಾಗಿಲು ತೆರೆಯುವವರೆಗೆ ನಾನು ಹತ್ತು ಬೀಡಿ ಕಟ್ತೇನೆ."

ನಾನು ನೂರು ಕಟ್ಟಿದರೂ ಬಾಗಿಲು ತೆರೆಯುತ್ತಿರಲಿಲ್ಲ.

ಬೆಳಿಗ್ಗೆ ಅವರು ಬಸ್‌ಸ್ಟಾಪಿನ ಎದುರಿನ ಮೊಯಿದಿನಬ್ಬನ ಹೋಟೆಲಿನಲ್ಲಿ ಚಾ ಕುಡಿಯುತ್ತಾ, ಪೇಪರಿನ ನಡುವೆ ಪ್ರಶ್ನೋತ್ತರದ ಪುಸ್ತಕ ಅಡಗಿಸಿಕೊಂಡು ಓದುತ್ತಿದ್ದರು. ಮೊಯಿದಿನಬ್ಬನಿಗೆ ಅದು ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು.

"ಎಂಥ ಇಸಾಕಣ್ಣ, ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಾ?"

"ಪೇಪರು ಓದ್ತಾ ಇದ್ದೇನೆ ಮಾರಾಯ."

"ಓದಿ, ಓದಿ. ಪೇಪರು ತಲೆಕೆಳಗೆ ಉಂಟು, ಅಷ್ಟೇ."

ಮನೆಯಲ್ಲಿ ಜಯವಂತಿ ಏನೂ ಕೇಳುತ್ತಿರಲಿಲ್ಲ. ತೊಟ್ಟಿಲು ತೂಗುತ್ತಾ ನಮ್ಮ ಪಾಠ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನಿಗೆ ಉತ್ತರ ಬಾರದಾಗ ತೊಟ್ಟಿಲು ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ತೂಗುತ್ತಿತ್ತು. ಇಸಾಕಣ್ಣನಿಗೆ ಅದು ಕೇಳುತ್ತಿತ್ತು. ಒಂದು ಶುಕ್ರವಾರ ನನ್ನ ಹತ್ತಿರ ಮೆಲ್ಲಗೆ, "ಅವಳ ಗಂಡನ ಕಡೆಯವರು ಯಾರಾದ್ರೂ ನಿಲ್ಲಲಿ ಅಂತ ಹೇಳಿಬಿಡ್ತೇನೆ. ಸಭೆಯ ಮುಂದೆ ಬಾಯಿ ತೆರೆದು ನಿಲ್ಲುವುದಕ್ಕಿಂತ ಅದು ವಾಸಿ," ಎಂದರು.

"ಅವಳು ಕೇಳಿದ್ದು ನಿಮ್ಮನ್ನು."

"ಹೌದು. ಅದೇ ಬಂಗ, ಅದೇ ಕಷ್ಟ."

ಆವತ್ತು ಕೇಳಿದ ಕೊನೆಯ ಪ್ರಶ್ನೆ, ಪ್ರವಾದಿ ಯೋನನು ಮೀನಿನ ಹೊಟ್ಟೆಯಲ್ಲಿ ಎಷ್ಟು ದಿನ ಇದ್ದನು ಎಂಬುದು. ಅರ್ಧ ಕಟ್ಟು ಬೀಡಿ ಆಯಿತು, ಉತ್ತರ ಬರಲಿಲ್ಲ. ನಾನು ಪುಸ್ತಕ ಮುಚ್ಚಿದೆ. ಆಗ ಸುಗುಣಕ್ಕ ಬಾವಿಕಟ್ಟೆಯಲ್ಲಿ ಬಂಗುಡೆ ಕೊಯ್ಯುತ್ತಾ ಮೀನು ಮಾರುವವನಿಗೆ ಬೈಯುತ್ತಿದ್ದರು. "ಎಂಥ ವಾಸನೆ. ಯೋನ ಮೀನಿನ ಹೊಟ್ಟೆಯಲ್ಲಿ ಏಳು ದಿನ ಇದ್ದ ಹಾಗೆ ಇದು ಅವನ ಬುಟ್ಟಿಯಲ್ಲಿ ಇದ್ದಿರಬೇಕು."

"ಏಳಲ್ಲ ಸುಗುಣ, ಮೂರು," ಎಂದು ಜಗಲಿಯಿಂದ ಇಸಾಕಣ್ಣ ಗುಡುಗಿದರು. ಭಟ್ಟಿಯ ಸದ್ದಿನ ಮೇಲೆ ನಲವತ್ತು ವರ್ಷ ಕೂಗಿದ ಗಂಟಲು ಅದು. "ಮೂರು ಹಗಲು, ಮೂರು ರಾತ್ರಿ. ಆಮೇಲೆ ದಡಕ್ಕೆ ಕಾರಿತು. ಅಷ್ಟೂ ಗೊತ್ತಿಲ್ಲದೆ ಬೈಬಲಿನ ಮಾತು ಆಡಬೇಡ."

ನನ್ನ ಕೈಯ ಬೀಡಿ ಅಲ್ಲೇ ನಿಂತಿತು. ಪ್ರತಿವರ್ಷ ಬಹಿರಂಗ ಪರೀಕ್ಷೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ಮಕ್ಕಳು ತಪ್ಪಿದ ಕೂಡಲೇ ಅಯ್ಯನವರಿಗಿಂತ ಮೊದಲು ಸರಿ ಉತ್ತರ ಹೇಳಿ ಅವರನ್ನು ಅಳಿಸುತ್ತಿದ್ದದ್ದು ಇದೇ ಮನುಷ್ಯ. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಪರೀಕ್ಷೆ ಮಾಡಿ ನೋಡುವ ಎಂದು, ಎಲೆ ಕತ್ತರಿಸುತ್ತಾ ನನ್ನಷ್ಟಕ್ಕೆ ಹೇಳುವ ಹಾಗೆ, "ಕರ್ತನ ಶಿಷ್ಯರು ಹದಿಮೂರು ಮಂದಿ," ಎಂದೆ.

"ಹನ್ನೆರಡು. ಯಾರು ನಿನಗೆ ಕಲಿಸಿದ್ದು?" ಎಂದು ಅಷ್ಟೂ ಹೆಸರುಗಳನ್ನು ಬೆರಳು ಮಡಚಿ ಒಪ್ಪಿಸಿದರು. ಒಳಗೆ ತೊಟ್ಟಿಲು ಪೂರ್ತಿ ನಿಂತಿತು.

ಆವತ್ತಿನಿಂದ ನಾನು ಪ್ರಶ್ನೆ ಕೇಳುವುದು ಬಿಟ್ಟು ತಪ್ಪು ಹೇಳಲು ಶುರುಮಾಡಿದೆ. ಅದು ಸುಲಭದ ಕೆಲಸ ಅಲ್ಲ. ತಪ್ಪು ಸಣ್ಣದಿರಬೇಕು. ಆಜ್ಞೆಗಳು ನೂರು ಎಂದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು. ಹನ್ನೊಂದು ಎಂದರೆ ಮೈಯೆಲ್ಲ ಉರಿದು ಹತ್ತನ್ನೂ ಹೇಳುತ್ತಿದ್ದರು. ಹದವಾದ ತಪ್ಪು ಹುಡುಕಲು ನಾನು ರಾತ್ರಿ ಸರಿ ಉತ್ತರ ಓದಿಟ್ಟುಕೊಳ್ಳಬೇಕಾಗುತ್ತಿತ್ತು. ಸುಗುಣಕ್ಕನೂ ಕೈ ಸೇರಿಸಿದರು. ಅವರಿಗೆ ತಪ್ಪು ಹೇಳಲು ತಯಾರಿಯೇ ಬೇಡವಾಗಿತ್ತು. ಸುದ್ದಿ ಹೋಟೆಲಿಗೂ ಮುಟ್ಟಿತು. ಮೊಯಿದಿನಬ್ಬ ಚಾ ಇಡುತ್ತಾ, "ಇಸಾಕಣ್ಣ, ನಿಮ್ಮ ನೋಹನ ನಾವೆಯಲ್ಲಿ ಐವತ್ತು ಜನ ಇದ್ರಂತಲ್ಲ," ಎನ್ನುವನು.

"ಎಂಟು. ಅದೇನು ಬಿ.ಸಿ.ರೋಡಿನ ಬಸ್ಸಾ, ಬಾಗಿಲಲ್ಲಿ ನೇತಾಡಿಕೊಂಡು ಹೋಗಲಿಕ್ಕೆ?"

ಮೂರು ವಾರದಲ್ಲಿ ಪುಸ್ತಕದ ಎಪ್ಪತ್ತೆರಡು ಪ್ರಶ್ನೆಗಳೂ ಮುಗಿದವು. ಆದರೆ ಸುಮ್ಮನೆ ಪ್ರಶ್ನೆ ಕೇಳಿದರೆ ಮಾತ್ರ ಮತ್ತದೇ ಹಸಿ ಹಂಚು. ನಾನು ಅಯ್ಯನವರ ಬಳಿ ಹೋಗಿ ವಿಷಯ ಹೇಳಿದೆ. ಅವರು ಸಂತೋಷದಿಂದ ನೀಲಿ ಫೈಲಿನಲ್ಲಿ ಬರೆದುಕೊಂಡರು. "ಇದು ಅವರ ಅನುಭವದಿಂದ ಬಂದ ಕಲಿಕೆ ಸಲೋಮಕ್ಕ. ಬೇರೆಯವರ ತಪ್ಪು ತಿದ್ದಿದ್ದು ಅವರ ಅನುಭವ."

"ಅದು ಹೌದು ಅಯ್ಯ. ಪರೀಕ್ಷೆಯ ದಿನ ನೀವು ಪ್ರಶ್ನೆ ಕೇಳಬೇಡಿ. ತಪ್ಪು ಉತ್ತರ ಹೇಳಿ, ಅವರು ತಿದ್ತಾರೆ."

ಅಯ್ಯನವರ ಪೆನ್ನು ನಿಂತಿತು. "ವೇದಿಯ ಮುಂದೆ ನಿಲುವಂಗಿ ಹಾಕಿಕೊಂಡು, ಆಜ್ಞೆಗಳು ಹನ್ನೊಂದು ಅಂತ ನಾನು ಹೇಳುವುದಾ?"

"ಬೇಕಾದ್ರೆ ಒಂಬತ್ತು ಹೇಳಿ."

"ಆಗುವುದಿಲ್ಲ ಸಲೋಮಕ್ಕ. ಸುಳ್ಳು ನನ್ನ ಬಾಯಲ್ಲಿ ಬರುವುದೇ ಇಲ್ಲ. ಬೇಕಾದರೆ ಮನೆಯವರನ್ನು ಕೇಳಿ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಹೆಚ್ಚಾಯಿತೆಂದೇ ಹೇಳಿ ಬೈಸಿಕೊಳ್ಳುತ್ತೇನೆ."

ಅವರು ಪ್ರಯತ್ನವನ್ನೇ ಮಾಡಲಿಲ್ಲವೆಂದಲ್ಲ. ಎರಡು ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರಂತೆ. "ಹನ್ನೊ" ವರೆಗೆ ಬಂದು ಕೆಮ್ಮು ಬಂತಂತೆ. ಅಷ್ಟರಲ್ಲಿ ಬಂಟ್ವಾಳದಿಂದ ವಲಯದ ಅಧ್ಯಕ್ಷರ ಕಾಗದ ಬಂತು. ಎಪ್ಪತ್ತೊಂದು ವರ್ಷದವರೊಬ್ಬರು ಪರೀಕ್ಷೆಗೆ ನಿಲ್ಲುತ್ತಾರೆಂದು ಕೇಳಿ ಸಂತೋಷವಾಗಿದೆ, ಪ್ರಶ್ನೆಗಳನ್ನು ತಾವೇ ಬಂದು ಕೇಳುತ್ತೇವೆ ಎಂದು ಬರೆದಿದ್ದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಪರೀಕ್ಷೆಯ ಭಾನುವಾರ ಚರ್ಚು ತುಂಬಿತ್ತು. ಕ್ರಿಸ್ಮಸ್ಸಿಗೆ ಮಾತ್ರ ಬರುವವರೂ ಬಂದಿದ್ದರು. ಮೊಯಿದಿನಬ್ಬ ಹೋಟೆಲಿನ ಅರ್ಧ ಬಾಗಿಲು ಹಾಕಿ ಬಂದು ಹೊರಗಿನ ಕಿಟಕಿಯ ಹತ್ತಿರ ನಿಂತಿದ್ದ. ಜಯವಂತಿ ಮಗುವನ್ನು ಹೊದೆಸಿಕೊಂಡು ಮೂರನೆಯ ಬೆಂಚಿನಲ್ಲಿ ಕೂತಿದ್ದಳು. ಅಧ್ಯಕ್ಷರು ಬಿಳಿ ಹುಬ್ಬಿನ, ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದ ಮನುಷ್ಯ. ಐದು ಮಕ್ಕಳು ಪಟಪಟನೆ ಉತ್ತರ ಹೇಳಿ ಮುಗಿಸಿದರು. ಮುಂದಿನ ಬೆಂಚಿನಲ್ಲಿ ಯಾರೂ ಇಲ್ಲದ್ದರಿಂದ ಅವರಿಗೆ ಧೈರ್ಯ ಬಂದಿತ್ತು.

"ಶ್ರೀ ಇಸಾಕರು," ಎಂದರು ಅಧ್ಯಕ್ಷರು. "ದೇವರು ಮೋಶೆಗೆ ಕೊಟ್ಟ ಆಜ್ಞೆಗಳು ಎಷ್ಟು?"

ಇಸಾಕಣ್ಣ ನೆಟ್ಟಗಾದರು. ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆಯಿತು.

ಅಧ್ಯಕ್ಷರು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಫಿಲೇಮೋನ ಬೆಂಚಿನ ಅಂಚಿನಲ್ಲಿ ಕೂತು ತನ್ನ ಕಾಲಿನ ಚಪ್ಪಲಿ ನೋಡುತ್ತಿದ್ದ. ಇಸಾಕಣ್ಣ ಮಗಳ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು. ಅವರು ಹೊರಡುತ್ತಾರೆಂದು ನನಗೆ ಗೊತ್ತಾಯಿತು. ಅರವತ್ತು ವರ್ಷದಲ್ಲಿ ನಾನು ಆ ಚರ್ಚಿನಲ್ಲಿ ಹಾಡಿದ್ದು ಬಿಟ್ಟರೆ ಸ್ವರ ಎತ್ತಿದವಳಲ್ಲ. ಎದ್ದು ನಿಂತು, "ಹನ್ನೊಂದು," ಎಂದೆ.

"ಅಮ್ಮ, ನಿಮ್ಮನ್ನು ಕೇಳಲಿಲ್ಲ," ಎಂದರು ಅಧ್ಯಕ್ಷರು.

"ಹತ್ತು," ಎಂದು ಇಸಾಕಣ್ಣ ಗುಡುಗಿದರು. "ಹತ್ತು ಆಜ್ಞೆ, ಎರಡು ಕಲ್ಲಿನ ಹಲಗೆ. ಎಷ್ಟು ಸಲ ಹೇಳುವುದು ಸಲೋಮಿ ನಿನಗೆ?"

ಅಧ್ಯಕ್ಷರು ನನ್ನನ್ನು ನೋಡಿದರು, ಅವರನ್ನು ನೋಡಿದರು, ಕಾಗದದಲ್ಲಿ ಗುರುತು ಹಾಕಿದರು. "ಕರ್ತನ ಶಿಷ್ಯರು ಎಷ್ಟು ಮಂದಿ?"

"ಹದಿಮೂರು," ಎಂದರು ದೋರ್ಕಮ್ಮ ಕೂತಲ್ಲಿಂದಲೇ.

"ಹನ್ನೆರಡು. ಕುರಿಯಾದಾಗಲೂ ಲೆಕ್ಕ ತಪ್ಪಿಸಿದ್ದು ನೀನೇ."

"ಸಂಸ್ಕಾರಗಳು ಎಷ್ಟು?"

ಈ ಸಲ ಹೆಂಗಸರ ಎರಡು ಬೆಂಚುಗಳು ಒಟ್ಟಿಗೆ ಎದ್ದವು. ನಾಲ್ಕು ಎಂದರು ಕೆಲವರು, ಐದು ಎಂದರು ಉಳಿದವರು. ಸುಗುಣಕ್ಕ ಸಾರಿಗೆ ಹುಳಿ ಹಾಕುವವರ ಹಾಗೆ ಯೋಚಿಸಿ, "ಐದೂವರೆ," ಎಂದರು. ಇಸಾಕಣ್ಣ ಎರಡು ಬೆಂಚಿಗೂ ಸಾಕಾಗುವಷ್ಟು ಸ್ವರದಲ್ಲಿ ಎರಡೇ ಎಂದು ಹೇಳಿ, ಎರಡರ ಹೆಸರನ್ನೂ ಅರ್ಥವನ್ನೂ ಬಿಡಿಸಿದರು.

ಅಧ್ಯಕ್ಷರ ಹುಬ್ಬುಗಳು ಮೇಲೆ ಹೋಗಿ ಅಲ್ಲಿಯೇ ನಿಂತಿದ್ದವು. "ಸಭೆ ಎಂದರೇನು?" ಎಂದು ಕೇಳಿದರು.

ಇದು ದೊಡ್ಡ ಪ್ರಶ್ನೆ. ಹದವಾದ ತಪ್ಪು ನನಗೂ ಕೂಡಲೇ ಸಿಗಲಿಲ್ಲ. ಎಲ್ಲರೂ ಅಕ್ಕಪಕ್ಕ ನೋಡಿದರು. ಆಗ ಫಿಲೇಮೋನ ಎದ್ದ. ಅವನು ನಿಯಮ ಹೇಳಲು ಎದ್ದನೆಂದೇ ನಾನು ಭಾವಿಸಿದೆ. ಅವನು ಗಂಟಲು ಸರಿಮಾಡಿಕೊಂಡು, ಯಾರನ್ನೂ ನೋಡದೆ, "ಸಭೆ ಅಂದ್ರೆ ಈ ಕಟ್ಟಡ. ಇದರ ಗೋಡೆ, ಹಂಚು, ಎಂಬತ್ತೆರಡು ಸೆಂಟ್ಸ್ ಜಾಗ, ಒಂದು ಬಾವಿ," ಎಂದ.

ಇಸಾಕಣ್ಣ ಅವನನ್ನೇ ನೋಡಿದರು. ಈ ಸಲ ಗುಡುಗಲಿಲ್ಲ. "ಅಲ್ಲ ಫಿಲೇಮೋನ. ಹಂಚು ಸಭೆ ಅಲ್ಲ. ಈ ಹಂಚು ಸುಟ್ಟವನು ನಾನು, ನನಗೆ ಗೊತ್ತುಂಟು. ಸಭೆ ಅಂದ್ರೆ ಇಲ್ಲಿ ಕೂತವರು. ನಂಬಿ ಒಟ್ಟಿಗೆ ಕೂತವರು. ಹಂಚಿನ ಮಾಡು ಹಾರಿಹೋದ್ರೂ ಅದು ಸಭೆಯೇ."

"ಹೌದಾ? ನನಗೆ ಗೊತ್ತಿರಲಿಲ್ಲ," ಎಂದು ಫಿಲೇಮೋನ ಕೂತ.

ಉಳಿದದ್ದು ಒಂದೇ ಪ್ರಶ್ನೆ. ಅಧ್ಯಕ್ಷರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. "ಇನ್ನು ಬೆಂಚುಗಳಲ್ಲಿ ಕೂತ ಯಾರೂ ಬಾಯಿ ತೆರೆಯಬಾರದು. ತೆರೆದರೆ ಈ ಪರೀಕ್ಷೆ ರದ್ದು. ಕಿಟಕಿಯಲ್ಲಿ ನಿಂತವರಿಗೂ ಹೇಳುತ್ತಿದ್ದೇನೆ." ಮೊಯಿದಿನಬ್ಬ ಬಾಯಿಗೆ ಕೈ ಅಡ್ಡ ಹಿಡಿದ. "ನೋಹನ ನಾವೆಯಲ್ಲಿ ಬದುಕಿ ಉಳಿದ ಮನುಷ್ಯರು ಎಷ್ಟು?"

ಇಸಾಕಣ್ಣ ನೆಟ್ಟಗಾದರು. ನಾವೆಲ್ಲ ತುಟಿ ಕಚ್ಚಿ ಕೂತೆವು. ಅವರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಹೆಂಡತಿಯನ್ನು ನೋಡಿದರು, ಹುಟ್ಟಿದಂದಿನಿಂದ ಸುಮ್ಮನಿರದ ಸುಗುಣಕ್ಕ ಸೆರಗನ್ನು ಬಾಯಲ್ಲಿ ತುರುಕಿಕೊಂಡಿದ್ದರು. ಅಧ್ಯಕ್ಷರು ಕೈಗಡಿಯಾರ ನೋಡಿದರು. ಜಯವಂತಿ ಮಗುವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ವೇದಿಯ ಪಕ್ಕದಲ್ಲಿ, ಬೆಂಚಿನಲ್ಲಿ ಅಲ್ಲ, ಕುರ್ಚಿಯಲ್ಲಿ ಕೂತಿದ್ದ ಸತ್ಯಪಾಲ ಅಯ್ಯನವರು ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಕಿವಿಯ ತುದಿ ಕೆಂಪಾಗಿತ್ತು. "ಆರು... ಇರಬೇಕು," ಎಂದರು.

ಅಧ್ಯಕ್ಷರು ಮೆಲ್ಲಗೆ ಅವರ ಕಡೆ ತಿರುಗಿದರು. "ಸಭಾಪಾಲಕರೇ, ನೀವೂ?"

"ಆರಲ್ಲ ಅಯ್ಯ, ಎಂಟು," ಎಂದು ಇಸಾಕಣ್ಣ ಗುಡುಗಿದ್ದಕ್ಕೆ ಮಗು ಬೆಚ್ಚಿ ಅಳತೊಡಗಿತು. "ನೋಹ, ಅವನ ಹೆಂಡತಿ, ಮೂರು ಗಂಡುಮಕ್ಕಳು, ಮೂರು ಸೊಸೆಯಂದಿರು. ಆರು ಅಂದ್ರೆ ಯಾರನ್ನು ನೀರಿಗೆ ಹಾಕಿದ್ರಿ ನೀವು? ಇದಕ್ಕಾ ನಿಮ್ಮನ್ನು ಕಾಲೇಜಿಗೆ ಕಳಿಸಿದ್ದು?"

ಅಧ್ಯಕ್ಷರು ಬಹಳ ಹೊತ್ತು ಬರೆದರು. ಆಮೇಲೆ ಎದ್ದು ನಿಂತು ಓದಿದರು. ಪರೀಕ್ಷೆಗೆ ನಿಂತ ಆರು ಮಂದಿಯೂ ತೇರ್ಗಡೆ. ಅವರಲ್ಲಿ ಶ್ರೀ ಇಸಾಕರದ್ದು ಅತ್ಯುತ್ತಮ, ಏಕೆಂದರೆ ಅವರು ಗಲಭೆಯ ನಡುವೆ ಉತ್ತರಿಸಿದ್ದಾರೆ. ಪರೀಕ್ಷೆಗೆ ನಿಲ್ಲದವರು ಮಾತ್ರ, ಅಂದರೆ ಈ ಸಭೆಯ ಸ್ತ್ರೀಯರು, ಪುರುಷರು, ಕಾರ್ಯದರ್ಶಿ ಹಾಗೂ ಸಭಾಪಾಲಕರು, ಅನುತ್ತೀರ್ಣರಾಗಿದ್ದಾರೆ. ಇಂಥ ಅಜ್ಞಾನವನ್ನು ತಾವು ಈ ವಲಯದಲ್ಲಿ ಎಲ್ಲಿಯೂ ಕಂಡಿಲ್ಲ. ಆದ್ದರಿಂದ ಬರುವ ತಿಂಗಳಿನಿಂದ ಒಂದು ವರ್ಷ ಕಾಲ ಎಲ್ಲ ವಯಸ್ಕರೂ ಭಾನುವಾರದ ತರಗತಿಗೆ ಕಡ್ಡಾಯವಾಗಿ ಹಾಜರಾಗತಕ್ಕದ್ದು. ಉಪಾಧ್ಯಾಯರು, ಈ ಸಭೆಯಲ್ಲಿ ವಿಷಯ ಬಲ್ಲ ಒಬ್ಬರೇ ವ್ಯಕ್ತಿಯಾದ ಶ್ರೀ ಇಸಾಕರು.

ಅಧ್ಯಕ್ಷರಿಗೆ ನಮ್ಮ ಉಪಾಯ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಊಟಕ್ಕೆ ಕೂತಾಗ ಅವರು ಅಯ್ಯನವರಿಗೆ ಎರಡು ಸಲ ಮೊಸರು ಬಡಿಸಿ, "ಆರು," ಎಂದು ತಲೆ ಅಲ್ಲಾಡಿಸಿದ್ದನ್ನು ಮಾತ್ರ ಕಂಡೆ.

ಮುಂದಿನ ಭಾನುವಾರ ದೃಢೀಕರಣ ಮುಗಿದ ಮೇಲೆ ಮಗುವಿನ ದೀಕ್ಷಾಸ್ನಾನ. ಹೊಸ ಅಂಗಿಯ ಇಸಾಕಣ್ಣ ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಜಯವಂತಿ ಹಿಂದಿನ ದಿನವೇ ಹೆಸರನ್ನು ಅಪ್ಪನೊಬ್ಬನಿಗೇ ಹೇಳಿದ್ದಳು. ಸಾಕ್ಷಿ ನಿಂತವರು ಅದನ್ನು ಎಲ್ಲರಿಗೂ ಕೇಳುವಂತೆ ಹೇಳುವುದು ಕ್ರಮ. ಅದು ನಮಗೆ ನೆನಪಾದದ್ದು ಅಯ್ಯನವರು ನೀರಿನ ಪಾತ್ರೆ ತೆರೆದ ಮೇಲೆ.

"ಈ ಮಗುವಿಗೆ ಯಾವ ಹೆಸರು ಇಡುತ್ತೀರಿ?"

ಅದು ಪ್ರಶ್ನೆ. ಇಸಾಕಣ್ಣ ನೆಟ್ಟಗಾದರು.

ಸರಿ ಹೆಸರು ಯಾರಿಗೂ ಗೊತ್ತಿಲ್ಲ, ತಪ್ಪು ಹೆಸರು ಮಾತ್ರ ಎಲ್ಲರ ಬಾಯಲ್ಲೂ ತಯಾರಾಗಿತ್ತು. ನಾನು ಕಮಲಾಕ್ಷಿ ಎಂದು ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ದೋರ್ಕಮ್ಮ ಯಾವುದೋ "ಪ" ಹಿಡಿದುಕೊಂಡು ತುಟಿ ಜೋಡಿಸಿದ್ದರು. ಫಿಲೇಮೋನ ಆಗಲೇ ಅರ್ಧ ಎದ್ದಿದ್ದ. ಅಯ್ಯನವರು ಕೂಡ ನೀರಿನಲ್ಲಿ ಕೈ ಅದ್ದಿ ಕೆಮ್ಮಲು ಸಿದ್ಧರಾಗಿದ್ದರು.

ಇಸಾಕಣ್ಣ ನಮ್ಮ ಯಾರನ್ನೂ ನೋಡಲಿಲ್ಲ. ಮಗು ಕಣ್ಣು ಬಿಟ್ಟು ಅವರ ಗಡ್ಡವನ್ನು ನೋಡುತ್ತಿತ್ತು. ಅವರು ತಲೆ ಬಗ್ಗಿಸಿ, ಅವಳೊಬ್ಬಳಿಗೇ ಹೇಳುವ ಹಾಗೆ, ಭಟ್ಟಿಯ ಹತ್ತಿರ ಎಂದೂ ಸಾಲದ ಒಂದು ಸಣ್ಣ ಸ್ವರದಲ್ಲಿ ಹೇಳಿದರು:

"ಹರ್ಷಲತಾ."

"ಕೇಳಲಿಲ್ಲ," ಎಂದ ಹಿಂದಿನಿಂದ ಫಿಲೇಮೋನ.

"ನಿನಗೆ ಅಲ್ಲ ಮಾರಾಯ ಹೇಳಿದ್ದು," ಎಂದರು ಇಸಾಕಣ್ಣ, ಮಗುವಿನಿಂದ ಕಣ್ಣು ತೆಗೆಯದೆ. ಅಯ್ಯನವರು ಅದರ ಹಣೆಗೆ ನೀರು ಹಾಕಿದರು.